ಅಣಬೆ ಅದೇ, ತಿಂದವರು ಬೇರೆ

ಮಳೆ ಹಿಡಿದು ವಾರ ಕಳೆಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ಬದಲಾಗುತ್ತವೆ. ಪತ್ರೊಡೆ, ಕಳಲೆ ಪಲ್ಯ, ಹಲಸಿನ ಬೀಜದ ಸಾರಿನ ಜೊತೆಗೆ ಅಣಬೆಯ ಪ್ರಶ್ನೆಗಳು ಶುರು. ಫೋಟೊ ಕಳಿಸಿ “ಇದು ತಿನ್ನಬಹುದಾ, ನೋಡಿ ಹೇಳಿ” ಅನ್ನುವವರು ಕೆಲವರು. ಫೋಟೊ ನೋಡಿ ಅಣಬೆ ತಿನ್ನಿ ಅಂತ ಹೇಳುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ಇನ್ನು ಕೆಲವರು ಪ್ರಶ್ನೆ ಕೇಳುವುದೇ ಇಲ್ಲ, ಉತ್ತರವನ್ನೇ ಬರೆದು ಕಳಿಸುತ್ತಾರೆ: “ನಮ್ಮಜ್ಜನ ಕಾಲದಿಂದ ತಿಂತಾ ಬಂದಿದ್ದೀವಿ. ಯಾರಿಗೂ ಏನೂ ಆಗಿಲ್ಲ.”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುತ್ತದ ಮೇಲೆ ಏಳುವ ಯಾವ ಅಣಬೆ ಸಾರಿಗೆ ಆಗುತ್ತದೆ, ಯಾವುದನ್ನು ಮುಟ್ಟಿದರೆ ಕೈ ತೊಳೆಯಬೇಕು ಅನ್ನುವುದನ್ನು ಮಲೆನಾಡಿನ, ಕರಾವಳಿಯ, ಕೊಡಗಿನ ಹಿರಿಯರು ಯಾವ ಪುಸ್ತಕ ಓದಿಯೂ ಕಲಿತದ್ದಲ್ಲ. ಯಾರೋ ತಿಂದು ಬದುಕಿದರು, ಯಾರೋ ತಿಂದು ನರಳಿದರು, ಆ ಲೆಕ್ಕವೆಲ್ಲ ಸೇರಿ ಒಂದು ತಿಳಿವಳಿಕೆಯಾಯಿತು. ಅದಕ್ಕೆ ಬೆಲೆ ಇದೆ.

ಆದರೆ ಆ ತಿಳಿವಳಿಕೆಗೂ ಒಂದು ಗಡಿ ಇದೆ. ಅದು ಎಲ್ಲಿದೆ ಎಂದು ತೋರಿಸಿಕೊಟ್ಟದ್ದು ಜಪಾನಿನ ಒಂದು ಅಣಬೆ. ಅಲ್ಲಿನ ಜನರೂ ಇದೇ ಮಾತನ್ನು ಹೇಳುತ್ತಿದ್ದರು, ಸುಳ್ಳೇನೂ ಹೇಳುತ್ತಿರಲಿಲ್ಲ. ತಲೆತಲಾಂತರದಿಂದ ತಿಂದಿದ್ದರು, ಏನೂ ಆಗಿರಲಿಲ್ಲ. 2004ರ ಶರತ್ಕಾಲದವರೆಗೆ.

ಸುಗಿ ಮರದ ಬೊಡ್ಡೆಯ ಮೇಲೆ

ಅಣಬೆಯ ಜಪಾನಿ ಹೆಸರು ಸುಗಿಹಿರಾತಾಕೆ. ಹೆಸರು ಬಿಡಿಸಿ ನೋಡಿದರೆ ಅದರ ಜಾತಕವೇ ಸಿಗುತ್ತದೆ. ‘ತಾಕೆ’ ಅಂದರೆ ಅಣಬೆ. ಅಂಗಡಿಯಲ್ಲಿ ಸಿಗುವ ಶಿಟಾಕೆಯಲ್ಲಿರುವುದೂ ಅದೇ ‘ತಾಕೆ’. ‘ಹಿರಾ’ ಅಂದರೆ ಚಪ್ಪಟೆ. ‘ಹಿರಾತಾಕೆ’ ಎಂದರೆ ನಾವು ಚಿಪ್ಪಣಬೆ ಅನ್ನುವ ಆಯ್ಸ್ಟರ್ ಅಣಬೆ. ‘ಸುಗಿ’ ಒಂದು ಮರ. ಹೀಗಾಗಿ ಇದು ಸುಗಿ ಮರದ ಚಿಪ್ಪಣಬೆ. ಹೆಸರಿನಲ್ಲಿ ಹಾಗಿದ್ದರೂ ಚಿಪ್ಪಣಬೆಯ ಸ್ವಂತ ಕುಲದ್ದಲ್ಲ. ನೋಡುವುದಕ್ಕೆ ಹೋಲುತ್ತದೆ, ಅಷ್ಟೇ. ವಿಜ್ಞಾನಿಗಳು ಇದನ್ನು ಪ್ಲೂರೊಸೈಬೆಲ್ಲಾ ಪೊರಿಜೆನ್ಸ್ ಎಂದು ಕರೆಯುತ್ತಾರೆ. ಇಂಗ್ಲಿಷಿನವರು ಇಟ್ಟ ಹೆಸರು ಏಂಜೆಲ್ ವಿಂಗ್, ದೇವದೂತರ ರೆಕ್ಕೆ.

ಸುಗಿ ಜಪಾನಿನ ನೆಟ್ಟನೆಯ, ಎತ್ತರದ ಸೂಚಿಪರ್ಣಿ ಮರ. ಡಾರ್ಜಿಲಿಂಗ್‌ಗೆ ಪ್ರವಾಸ ಹೋದವರು ಮಂಜಿನ ನಡುವೆ ಸಾಲಾಗಿ ನಿಂತ ‘ಧುಪಿ’ ಮರಗಳನ್ನು ನೋಡಿರಬಹುದು. ಅದು ಜಪಾನಿನಿಂದ ತಂದು ನೆಟ್ಟ ಇದೇ ಸುಗಿ. ಎರಡನೇ ಮಹಾಯುದ್ಧದ ನಂತರ ಬೋಳಾಗಿದ್ದ ಗುಡ್ಡಗಳಲ್ಲಿ ಜಪಾನೀಯರು ಲಕ್ಷಾಂತರ ಹೆಕ್ಟೇರ್ ಸುಗಿ ನೆಟ್ಟರು. ಮರ ಬೆಳೆದ ಮೇಲೆ ಕಡಿದರು. ಕಡಿದಲ್ಲಿ ಬೊಡ್ಡೆ ಉಳಿಯಿತು. ಬೊಡ್ಡೆ ಮಳೆಗೆ ನೆನೆದು, ಪಾಚಿ ಹಿಡಿದು, ಲಡ್ಡಾಗುವ ಹೊತ್ತಿಗೆ ಅದರ ಮೇಲೆ ಈ ಅಣಬೆ ಏಳುತ್ತದೆ.

ಏಳುವ ಚೆಂದ ಕಣ್ಣು ಸೆಳೆಯುವಂಥದ್ದು. ಹಸಿರು ಪಾಚಿಯ ಮೇಲೆ ಅಚ್ಚ ಬಿಳಿ. ಬೀಸಣಿಗೆಯ ಆಕಾರ. ದಂಟು ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು. ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಗುಂಪಾಗಿ ಬರುತ್ತದೆ. ಬೆರಳಲ್ಲಿ ಹಿಡಿದರೆ ತೆಳ್ಳಗೆ, ಹೂವಿನ ದಳದ ಹಾಗೆ. ಚಿಪ್ಪಣಬೆಗಿರುವ ದಪ್ಪ ಮಾಂಸಲತೆ ಇದಕ್ಕಿಲ್ಲ.

ನಮ್ಮ ಕಣ್ಣಿಗೆ ಕಾಣುವ ಈ ಬಿಳಿ ರೆಕ್ಕೆ ಶಿಲೀಂಧ್ರದ ಹಣ್ಣು ಮಾತ್ರ. ನಿಜವಾದ ಒಡಲು ಮರದೊಳಗಿದೆ. ನೂಲಿಗಿಂತ ಸಣ್ಣ ಎಳೆಗಳು ಬೊಡ್ಡೆಯ ಒಳಗೆಲ್ಲ ಹರಡಿಕೊಂಡು, ಕಿಣ್ವಗಳನ್ನು ಹೊರಬಿಟ್ಟು, ಮರವನ್ನು ಕರಗಿಸಿ ಹೀರುತ್ತವೆ. ಗೆದ್ದಲಿಗೆ ಹಲ್ಲಿದೆ, ಶಿಲೀಂಧ್ರಕ್ಕೆ ಅದೂ ಇಲ್ಲ. ಆದರೂ ಕೊಡಲಿಗೆ ಬಗ್ಗದ ಬೊಡ್ಡೆಯನ್ನು ವರ್ಷಗಟ್ಟಲೆ ಕೂತು ಮಣ್ಣು ಮಾಡುತ್ತದೆ. ಇಂಥವು ಇಲ್ಲದಿದ್ದರೆ ಕಾಡಿನಲ್ಲಿ ಬಿದ್ದ ಮರ ಬಿದ್ದ ಹಾಗೇ ಉಳಿದು, ಮುಂದಿನ ಗಿಡಕ್ಕೆ ಮಣ್ಣೂ ಇಲ್ಲ, ಜಾಗವೂ ಇಲ್ಲ ಅನ್ನುವಂತಾಗುತ್ತಿತ್ತು. ಕಾಡಿಗೆ ಇದು ಉಪಕಾರಿಯೇ.

ಊಟಕ್ಕೂ ಒಳ್ಳೆಯದೆಂದೇ ಜನ ನಂಬಿದ್ದರು. ಜಪಾನಿನ ಉತ್ತರದ, ಹಿಮ ಹೆಚ್ಚು ಬೀಳುವ ಅಕಿತಾ, ಯಮಗಾತಾ, ನೀಗಾತಾ ಕಡೆಯ ಹಳ್ಳಿಗಳಲ್ಲಿ ಶರತ್ಕಾಲ ಬಂದರೆ ಬುಟ್ಟಿ ಹಿಡಿದು ಸುಗಿ ತೋಪಿಗೆ ಹೋಗುವುದು ವಾಡಿಕೆ. ತಂದದ್ದನ್ನು ಮಿಸೊ ಸಾರಿಗೆ ಹಾಕುತ್ತಿದ್ದರು, ಎಣ್ಣೆಯಲ್ಲಿ ಬಾಡಿಸುತ್ತಿದ್ದರು, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಿದ್ದರು. ನಮ್ಮಲ್ಲಿ ಮಳೆಗಾಲದ ಅಣಬೆ ಸಾರಿಗೆ ಎಂಥ ಕಾಯುವಿಕೆ ಇದೆಯೋ ಅಲ್ಲೂ ಅಂಥದ್ದೇ.

ಆ ಶರತ್ಕಾಲ

2004ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಈ ಭಾಗದ ಆಸ್ಪತ್ರೆಗಳಿಗೆ ಒಂದೇ ಬಗೆಯ ರೋಗಿಗಳು ಬರತೊಡಗಿದರು. ಹೆಚ್ಚಿನವರು ವಯಸ್ಸಾದವರು. ಮೊದಲು ಕಾಲಿನಲ್ಲಿ ಬಲವಿಲ್ಲ, ಕೈ ನಡುಕ, ಮಾತು ತೊದಲು. ಆಮೇಲೆ ಮೈ ಸೆಟೆದು ಫಿಟ್ಸ್. ಆಮೇಲೆ ಪ್ರಜ್ಞೆ ತಪ್ಪುವುದು. ಮಿದುಳಿಗೆ ಏನೋ ಆಗಿದೆ ಅನ್ನುವುದು ಸ್ಪಷ್ಟ. ಏನು ಅನ್ನುವುದು ಗೊತ್ತಿಲ್ಲ. ಸೋಂಕಿರಬಹುದೇ ಎಂದು ವೈದ್ಯರು ಹುಡುಕಿದರು. ಇದಕ್ಕೆಲ್ಲ ಕಾರಣ ಅನ್ನಬಹುದಾದ ಯಾವ ವೈರಸ್ಸೂ ಕೈಗೆ ಸಿಗಲಿಲ್ಲ.

ಇಲ್ಲಿ ಒಂದು ಸರ್ಕಾರಿ ನಿಯಮ ನೆರವಿಗೆ ಬಂತು. ಸಾರ್ಸ್ ಕಾಯಿಲೆಯ ಗಲಾಟೆಯ ನಂತರ, 2003ರ ಕೊನೆಯಲ್ಲಿ ಜಪಾನ್ ತನ್ನ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಿದ್ದಿತ್ತು. ಕಾರಣ ಗೊತ್ತಿಲ್ಲದ ತೀವ್ರ ಮಿದುಳು ಬೇನೆ ಕಂಡರೆ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ಹಾಗಾಗಿ ಒಂದೊಂದು ಊರಿನ ಒಂದೊಂದು ಆಸ್ಪತ್ರೆಯ ಪ್ರಕರಣಗಳು ಒಂದೇ ಕಡೆ ಬಂದು ಸೇರಿದವು. ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡು ಎಳೆ ಕಾಣಿಸಿದವು. ಒಂದು, ಇವರೆಲ್ಲ ಆಗಷ್ಟೇ ಸುಗಿಹಿರಾತಾಕೆ ತಿಂದವರು. ಇನ್ನೊಂದು, ಇವರಲ್ಲಿ ಬಹುಪಾಲು ಜನರಿಗೆ ಮೊದಲೇ ಕಿಡ್ನಿ ತೊಂದರೆ ಇತ್ತು. ಹಲವರು ಡಯಾಲಿಸಿಸ್ ಮೇಲಿದ್ದವರು.

ಆ ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ 9 ಪ್ರಾಂತ್ಯಗಳಲ್ಲಿ 59 ಜನ ಕಾಯಿಲೆ ಬಿದ್ದಿದ್ದರು. 17 ಜನ ಉಳಿಯಲಿಲ್ಲ.

ಈ ಎರಡು ಎಳೆ ಹೊಂದಿಸುವುದು ಸುಲಭವಾಗಿರಲಿಲ್ಲ. ಸಾಮಾನ್ಯವಾಗಿ ವಿಷದ ಅಣಬೆ ಅಂದರೆ ನಮ್ಮ ಕಲ್ಪನೆ ಏನು? ರಾತ್ರಿ ತಿಂದರು, ಬೆಳಗಾಗುವುದರೊಳಗೆ ವಾಂತಿ ಭೇದಿ, ಮನೆಯವರೆಲ್ಲ ಆಸ್ಪತ್ರೆಗೆ. ಇಲ್ಲಿ ಹಾಗಾಗಲಿಲ್ಲ. ತಿಂದು ದಿನಗಳು ಕಳೆದ ಮೇಲೆ ಕೈಕಾಲು ನಡುಗಿದ್ದು. ಅಷ್ಟು ಹೊತ್ತಿಗೆ ಆ ಸಾರು ಯಾರಿಗೆ ನೆನಪಿರುತ್ತದೆ? ಇನ್ನೂ ಗೊಂದಲದ ಸಂಗತಿಯೆಂದರೆ, ಅದೇ ಪಾತ್ರೆಯ ಅದೇ ಸಾರು ಉಂಡ ಆರೋಗ್ಯವಂತರು ಮನೆಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರು. “ಅಣಬೆಯಿಂದಲೇ ಆಗಿದ್ದರೆ ನಮಗೂ ಆಗಬೇಕಿತ್ತಲ್ಲ” ಅನ್ನುವ ಪ್ರಶ್ನೆಗೆ ಯಾರ ಬಳಿ ಉತ್ತರವಿದೆ?

ಸರ್ಕಾರ ಮೊದಲು ಕಿಡ್ನಿ ತೊಂದರೆ ಇರುವವರು ಈ ಅಣಬೆ ತಿನ್ನಬೇಡಿ ಎಂದು ಎಚ್ಚರಿಸಿತು. ಆದರೆ ಕಾಯಿಲೆ ಬಿದ್ದವರಲ್ಲಿ ಕಿಡ್ನಿ ತೊಂದರೆ ಇತ್ತೆಂದೇ ಗೊತ್ತಿಲ್ಲದವರೂ ಕೆಲವರಿದ್ದರು. ಹಾಗಾಗಿ ಯಾರೂ ತಿನ್ನದಿರುವುದೇ ಕ್ಷೇಮ ಅನ್ನುವಲ್ಲಿಗೆ ಸಲಹೆ ಬಂದು ನಿಂತಿತು. ತಿನ್ನುವ ಅಣಬೆಗಳ ಪಟ್ಟಿಯಲ್ಲಿದ್ದದ್ದು ವಿಷದ ಅಣಬೆಗಳ ಪಟ್ಟಿಗೆ ಹೋಯಿತು. ಅಣಬೆ ಬದಲಾಗಿರಲಿಲ್ಲ, ಪಟ್ಟಿ ಬದಲಾಯಿತು.

ಅದರಲ್ಲಿ ಇದ್ದದ್ದೇನು?

ವಿಜ್ಞಾನಿಗಳಿಗೆ ಇದು ದೊಡ್ಡ ಒಗಟಾಯಿತು. ಅಣಬೆಯಲ್ಲಿ ಸೈನೈಡಿನ ಅಂಶ ಸಿಕ್ಕಿತು. ಅದೊಂದರಿಂದಲೇ ಇಷ್ಟೆಲ್ಲ ಆಯಿತು ಅನ್ನಲು ಆಧಾರ ಸಾಲಲಿಲ್ಲ. ಬೇರೆ ಬೇರೆ ತಂಡಗಳು ಬೇರೆ ಬೇರೆ ವಸ್ತುಗಳ ಮೇಲೆ ಅನುಮಾನಪಟ್ಟವು. ಶಿಜುಒಕಾದಲ್ಲಿ ಹಿರೊಕಾಜು ಕವಾಗಿಶಿ ಮತ್ತು ಸಂಗಡಿಗರು ಈ ಅಣಬೆಯಿಂದ ವಿಚಿತ್ರ ಬಗೆಯ ಕೆಲವು ಅಮೈನೊ ಆಮ್ಲಗಳನ್ನು ಬೇರ್ಪಡಿಸಿದರು. ಇವೆಲ್ಲ ಒಂದೇ ಮೂಲವಸ್ತುವಿನಿಂದ ಒಡೆದು ಬಂದಿರಬೇಕು, ಆ ಮೂಲವಸ್ತು ತಟಕ್ಕನೆ ಬೇರೆ ರೂಪಕ್ಕೆ ತಿರುಗುವುದರಿಂದ ಕೈಗೆ ಸಿಗುತ್ತಿಲ್ಲ ಎಂದು ತರ್ಕಿಸಿದರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಅಣಬೆಯಲ್ಲೂ ಅದು ಇದೆ ಎಂದು 2011ರಲ್ಲಿ ತೋರಿಸಿದರು. ಅದಕ್ಕೆ ಪ್ಲೂರೊಸೈಬೆಲ್‌ಅಜಿರಿಡಿನ್ ಎಂದು ಹೆಸರಾಯಿತು. ಹೆಸರು ಮರೆತರೂ ಪರವಾಗಿಲ್ಲ, ಕೆಲಸ ನೆನಪಿಟ್ಟುಕೊಳ್ಳಿ. ನಮ್ಮ ನರತಂತುಗಳಿಗೆ ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ ಒಂದು ಹೊದಿಕೆ ಇರುತ್ತದೆ. ಮಿದುಳಿನಲ್ಲಿ ಆ ಹೊದಿಕೆ ಹೆಣೆಯುವ ಜೀವಕೋಶಗಳಿಗೆ ಈ ವಸ್ತು ಹಾನಿ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂತು. ತೀರಿಕೊಂಡ ರೋಗಿಗಳ ಮಿದುಳಿನಲ್ಲೂ ಈ ಹೊದಿಕೆಗೆ ಪೆಟ್ಟು ಬಿದ್ದದ್ದು ಕಂಡಿತ್ತು.

ಕಥೆ ಅಲ್ಲಿಗೇ ಮುಗಿದಿಲ್ಲ. ಒಂದೇ ವಸ್ತುವಿನ ಬದಲು ಹಲವು ಸೇರಿಕೊಂಡು ಈ ಕೆಲಸ ಮಾಡಿರಬಹುದೇ ಎಂಬ ಹುಡುಕಾಟ ಮುಂದುವರಿದಿದೆ.

ಕಿಡ್ನಿಯ ಪಾತ್ರ ಏನು ಅನ್ನುವುದನ್ನು ಮಾತ್ರ ನಾವೂ ಯೋಚಿಸಿ ತಿಳಿಯಬಹುದು. ಆರೋಗ್ಯವಂತರ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಬೇಕಾದದ್ದನ್ನೆಲ್ಲ ವಾಪಸು ರಕ್ತಕ್ಕೆ ಕೊಟ್ಟು, ಬೇಡದ್ದನ್ನು ಒಂದೂವರೆ ಎರಡು ಲೀಟರ್ ಮೂತ್ರದಲ್ಲಿ ಕಳಿಸಿಬಿಡುತ್ತವೆ. ಹಗಲಿಲ್ಲ ರಾತ್ರಿಯಿಲ್ಲ, ಬಿಡುವಿಲ್ಲದ ಕೆಲಸ. ಡಯಾಲಿಸಿಸ್ ಯಂತ್ರ ಅದೇ ಕೆಲಸವನ್ನು ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯ ಹಾಗೆ ಮಾಡುತ್ತದೆ. ಅಂದರೆ ವಾರದ 168 ಗಂಟೆಗಳಲ್ಲಿ 12 ಗಂಟೆ. ನಮ್ಮಲ್ಲಿ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರೂ ತುಂಬ ಜನ. ಅವರಿಗೆ 8 ಗಂಟೆ. ಉಳಿದ ಹೊತ್ತು, ತಿಂದದ್ದರಿಂದ ಬಂದ ಬೇಡದ ವಸ್ತು ಮೈಯಲ್ಲೇ ಉಳಿದುಕೊಳ್ಳುತ್ತದೆ. ಬೇರೆಯವರ ಮೈಯಿಂದ ಸದ್ದಿಲ್ಲದೆ ಹೊರಟುಹೋಗುವ ವಸ್ತು ಇವರ ಮೈಯಲ್ಲಿ ದಿನಗಟ್ಟಲೆ ಸುತ್ತುತ್ತಿರಬಹುದು.

ಅಜ್ಜನ ಕಾಲದಲ್ಲಿ ಇಲ್ಲದವರು

ಹಾಗಾದರೆ ಇಷ್ಟು ತಲೆಮಾರು ತಿಂದವರಿಗೆ ಯಾಕೆ ಏನೂ ಆಗಲಿಲ್ಲ?

ಒಂದು ಸಾಧ್ಯತೆ, ಆಗಿತ್ತು, ಆದರೆ ಯಾರೂ ಜೋಡಿಸಿ ನೋಡಿರಲಿಲ್ಲ. ಹಳ್ಳಿಯಲ್ಲಿ ವಯಸ್ಸಾದವರೊಬ್ಬರು ಶರತ್ಕಾಲದಲ್ಲಿ ಕೈಕಾಲು ನಡುಗಿ, ಫಿಟ್ಸ್ ಬಂದು ತೀರಿಕೊಂಡರೆ “ವಯಸ್ಸಾಗಿತ್ತು, ಹೋದರು” ಅಂತ ಮಣ್ಣು ಮಾಡಿರುತ್ತಾರೆ. ವಾರದ ಹಿಂದಿನ ಸಾರಿನ ಮೇಲೆ ಯಾರು ಅನುಮಾನಪಡುತ್ತಾರೆ?

ಇನ್ನೊಂದನ್ನು ನೋಡಿ. ಎರಡೂ ಕಿಡ್ನಿ ಕೈಕೊಟ್ಟ ಮನುಷ್ಯ ಅಜ್ಜನ ಕಾಲದಲ್ಲಿ ಬದುಕುತ್ತಲೇ ಇರಲಿಲ್ಲ. ಮುಂದಿನ ಶರತ್ಕಾಲದ ಅಣಬೆ ಸಾರಿಗೆ ಅವನು ಕೂರುತ್ತಲೇ ಇರಲಿಲ್ಲ. ಜಪಾನಿನಲ್ಲಿ ಡಯಾಲಿಸಿಸ್ ಸಾಮಾನ್ಯ ಜನರ ಕೈಗೆಟುಕಿದ್ದು 1970ರ ದಶಕದಿಂದ ಈಚೆಗೆ. 2004ರ ಹೊತ್ತಿಗೆ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಡಯಾಲಿಸಿಸ್ ಬಲದಿಂದ ಬದುಕಿದ್ದರು, ಮನೆಯಲ್ಲಿದ್ದರು, ಮೊಮ್ಮಕ್ಕಳ ಜೊತೆ ಊಟಕ್ಕೆ ಕೂರುತ್ತಿದ್ದರು. ವೈದ್ಯವಿಜ್ಞಾನದ ಪುಣ್ಯ ಅದು. ಆದರೆ ತಲೆಮಾರುಗಳ ಅನುಭವ ಅನ್ನುವ ದೊಡ್ಡ ಪರೀಕ್ಷೆಯಲ್ಲಿ ಇಂಥ ದೇಹ ಒಂದು ಸಲವೂ ಪರೀಕ್ಷೆಗೆ ಕೂತಿರಲಿಲ್ಲ.

ಅಜ್ಜ ಹೇಳಿದ್ದು ಸರಿಯೇ. ಅವರು ಆ ಅಣಬೆಯನ್ನು ತಮ್ಮ ಕಾಲದ ದೇಹಗಳ ಮೇಲೆ ಪರೀಕ್ಷೆ ಮಾಡಿ ಹೇಳಿದರು. ಇವತ್ತು ಊಟಕ್ಕೆ ಕೂತವರು ಬೇರೆ. ಒಬ್ಬರಿಗೆ ಕಿಡ್ನಿ ಕಸಿ ಆಗಿದೆ, ಒಬ್ಬರು ದಿನಕ್ಕೆ ಆರು ಮಾತ್ರೆ ನುಂಗುತ್ತಾರೆ, ಒಬ್ಬರಿಗೆ ಕೀಮೊ ನಡೆಯುತ್ತಿದೆ. ಇವರ ಬಗ್ಗೆ ಅಜ್ಜನ ಕಾಲದ ಅನುಭವ ಏನನ್ನೂ ಹೇಳಲಾರದು.

ತಿನ್ನುವವರ ದೇಹವೇ ನಿರ್ಣಾಯಕವಾದ ಇನ್ನೊಂದು ಪ್ರಸಂಗವೂ ಇದೆ. ಪ್ಯಾಕ್ಸಿಲಸ್ ಎಂಬ ಅಣಬೆ ಮರದ ಮೇಲಲ್ಲ, ಮರದ ಬೇರುಗಳ ನಂಟಿನಲ್ಲಿ ಮಣ್ಣಿನಿಂದ ಏಳುವಂಥದ್ದು. ಪೂರ್ವ ಯುರೋಪಿನಲ್ಲಿ ಅದನ್ನು ಬೇಯಿಸಿ ತಿನ್ನುವ ರೂಢಿ ಬಹುಕಾಲ ಇತ್ತು. ಯೂಲಿಯುಸ್ ಶೆಫರ್ ಎಂಬ ಜರ್ಮನ್ ಅಣಬೆ ವಿಜ್ಞಾನಿ 1944ರಲ್ಲಿ ಅದನ್ನು ತಿಂದು, ಹದಿನೇಳು ದಿನ ನರಳಿ, ಕಿಡ್ನಿ ನಿಂತು ತೀರಿಕೊಂಡರು. ಅಣಬೆ ಗುರುತಿಸುವುದೇ ಕಸುಬಾದವರು! ಆ ಅಣಬೆಯಲ್ಲಿರುವ ವಸ್ತುವೊಂದಕ್ಕೆ ಕೆಲವರ ಮೈ ತಿರುಗಿಬೀಳುತ್ತದೆ, ತನ್ನದೇ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂದು ಆಮೇಲೆ ತಿಳಿಯಿತು. ವರ್ಷಗಟ್ಟಲೆ ತಿಂದು ಜೀರ್ಣಿಸಿಕೊಂಡವರಿಗೂ ಒಂದು ದಿನ ಹಾಗಾಗಬಹುದು.

ನಮ್ಮ ಹಿತ್ತಲ ಧಾರೆಹುಳಿ

“ಸುಗಿ ಮರ ನಮ್ಮಲ್ಲಿಲ್ಲ, ಆ ಅಣಬೆಯೂ ಇಲ್ಲ, ನಮಗ್ಯಾಕೆ ಈ ಪುರಾಣ” ಅಂತೀರಾ? ನಿಜ, ಅದು ತಂಪು ನಾಡಿನ ಸೂಚಿಪರ್ಣಿ ಕಾಡುಗಳ ಅಣಬೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಅಂಥ ಕಾಡುಗಳಿಲ್ಲ. ಆದರೆ ಪಾಠ ನಮ್ಮ ಹಿತ್ತಲಲ್ಲೇ ನೇತಾಡುತ್ತಿದೆ. ಧಾರೆಹುಳಿ, ಕೆಲವು ಕಡೆ ಕಮರಾಕ್ಷಿ ಅನ್ನುತ್ತಾರೆ. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹುಳಿ ಹಣ್ಣು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಉಪ್ಪಿನಕಾಯಿ, ಗೊಜ್ಜು, ಶರಬತ್ತು ಎಲ್ಲಕ್ಕೂ ಬಳಕೆ. ಮಕ್ಕಳು ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತವೆ, ಏನೂ ಆಗುವುದಿಲ್ಲ. ಅದೇ ಹಣ್ಣು ಕಿಡ್ನಿ ಸೋತವರಿಗೆ ವಿಷ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ, ಮಂಕು, ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವಿನವರೆಗೂ ಹೋಗುತ್ತದೆ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಕಿಡ್ನಿ ಚೆನ್ನಾಗಿದ್ದರೆ ಅದು ಮೂತ್ರದಲ್ಲಿ ಹೊರಹೋಗುತ್ತದೆ, ಇಲ್ಲದಿದ್ದರೆ ಮಿದುಳಿಗೆ ಏರುತ್ತದೆ. ಆರೋಗ್ಯವಂತರೂ ಖಾಲಿ ಹೊಟ್ಟೆಗೆ ಇದರ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿ ಹಾಳುಮಾಡಿಕೊಂಡದ್ದಿದೆ. ಅದಕ್ಕೆ ಕಾರಣ ಅದರಲ್ಲಿರುವ ಆಕ್ಸಲೇಟ್.

ಡಯಾಲಿಸಿಸ್ ಈಗ ನಮ್ಮ ಊರುಗಳಿಗೂ ಹೊಸದಲ್ಲ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುಮಾಡಿತು. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳು ಬಂದಿವೆ. ಒಂದೊಂದು ಬೀದಿಯಲ್ಲಿ ಒಬ್ಬರಾದರೂ “ನಾಳೆ ಡಯಾಲಿಸಿಸ್ ಇದೆ” ಅನ್ನುವವರು ಸಿಗುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ, ಇವೆರಡೇ ಕಿಡ್ನಿ ಸೋಲುವುದಕ್ಕೆ ದೊಡ್ಡ ಕಾರಣಗಳು. ನಮ್ಮಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಯಾವುದಿದೆ ಹೇಳಿ. ಕಿಡ್ನಿಯ ಸ್ವಭಾವವೋ, ಬಹುಪಾಲು ಸೋಲುವವರೆಗೂ ಬಾಯಿ ಬಿಡುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಜಪಾನಿನಲ್ಲಿ ‘ನಮಗೆ ಕಿಡ್ನಿ ತೊಂದರೆ ಇಲ್ಲ’ ಅಂದುಕೊಂಡಿದ್ದವರೂ ಕಾಯಿಲೆ ಬಿದ್ದರು ಅಂದೆನಲ್ಲ, ಅದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಚಿಪ್ಪಣಬೆಗೆ ಹೆದರಬೇಕಾ?

ಇದನ್ನು ಓದಿ ಫ್ರಿಜ್‌ನಲ್ಲಿರುವ ಆಯ್ಸ್ಟರ್ ಅಣಬೆಯ ಪೊಟ್ಟಣವನ್ನು ಎಸೆಯಬೇಡಿ. ಅದೂ ಕಾಡಿನಲ್ಲಿ ಕೊಳೆತ ಮರದ ಮೇಲೆ ಬೆಳೆಯುವ ಜಾತಿಯೇ, ಆದರೆ ಕುಲ ಬೇರೆ. ಅದನ್ನು ಸಾಕಿ ಬೆಳೆಸುವ ವಿದ್ಯೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. 1962ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ಜಾಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ ಚಿಪ್ಪಣಬೆಯ ಕುಲದ ಅಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸಿ ತೋರಿಸಿದರು. ಇವತ್ತು ಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲ ತೂಗುಹಾಕಿ ಅಣಬೆ ಬೆಳೆದು ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳ ಕೆಲಸದ ಹಿಂದೆ ಆ ಪ್ರಯೋಗವೂ ಇದೆ. ಹೀಗೆ ಸಾಕಿದ ಅಣಬೆ ಯಾವ ಜಾತಿ ಅನ್ನುವುದರಲ್ಲಿ ಅನುಮಾನವಿರುವುದಿಲ್ಲ. ಕಾಡಿನದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ.

ಹಾಗಂತ ಕಿಡ್ನಿ ರೋಗಿಗಳಿಗೆ ಸಾಕಿದ ಅಣಬೆಯೂ ಮನಸ್ಸಿಗೆ ಬಂದಷ್ಟು ಅಂತಲ್ಲ. ಅಣಬೆಯಲ್ಲಿ ಪೊಟ್ಯಾಷಿಯಂ, ರಂಜಕ ಇರುತ್ತವೆ. ಎಳನೀರು, ಬಾಳೆಹಣ್ಣಿನ ವಿಷಯದಲ್ಲಿ ವೈದ್ಯರು ಅಳತೆ ಹೇಳುವ ಹಾಗೆ ಇದಕ್ಕೂ ಅಳತೆ ಕೇಳಿಕೊಳ್ಳಿ.

ಇನ್ನು ಅಡುಗೆಮನೆಯ ಪರೀಕ್ಷೆಗಳು. ಬೆಳ್ಳಿ ಚಮಚ ಕಪ್ಪಾದರೆ ವಿಷ, ಅರಿಶಿನದ ಬಣ್ಣ ತಿರುಗಿದರೆ ವಿಷ, ಬೆಳ್ಳುಳ್ಳಿ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು. ಇವು ಯಾವುವೂ ಅಣಬೆಯ ವಿಷವನ್ನು ಹಿಡಿಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಅನ್ನುವುದನ್ನೂ ನಂಬುವಂತಿಲ್ಲ. ಜಪಾನಿನಲ್ಲಿ ಸತ್ತವರ ಮನೆಗಳಲ್ಲೂ ಅಣಬೆಯನ್ನು ಸಾರಿನಲ್ಲಿ ಕುದಿಸಿಯೇ, ಎಣ್ಣೆಯಲ್ಲಿ ಬೇಯಿಸಿಯೇ ತಿನ್ನುವ ರೂಢಿ.

ಕಾಡಣಬೆ ತಿನ್ನುವ ಮನೆಗಳಿಗೆ ನನ್ನದು ಮೂರೇ ಮಾತು. ಮೊದಲನೆಯದು, ಗುರುತು ಬಲ್ಲ ಹಿರಿಯರು ಕೈಯಲ್ಲಿ ಹಿಡಿದು, ಹೌದು ಅಂದದ್ದನ್ನು ಬಿಟ್ಟು ಬೇರೆ ಬೇಡ. ಅವರು ಅನುಮಾನಿಸಿದರೆ ಅಲ್ಲಿಗೇ ಬಿಟ್ಟುಬಿಡಿ, ಒಂದು ಹೊತ್ತಿನ ಸಾರಿಗೆ ಒಂದು ಜೀವ ಸಮ ಅಲ್ಲ. ಎರಡನೆಯದು, ಕಿಡ್ನಿ ತೊಂದರೆ, ಕಸಿ, ಲಿವರ್ ಕಾಯಿಲೆ ಇರುವವರಿಗೆ, ಕೀಮೊದಲ್ಲಿರುವವರಿಗೆ, ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಕಾಡಣಬೆ ಬೇಡವೇ ಬೇಡ. ಮನೆಮಂದಿಯೆಲ್ಲ ತಿಂದು ಆರಾಮಿದ್ದಾರೆ ಅನ್ನುವುದು ಅವರಿಗೆ ಸಾಕ್ಷಿಯಾಗುವುದಿಲ್ಲ. ಮೂರನೆಯದು, ಅಡುಗೆ ಮಾಡುವ ಮೊದಲು ಒಂದೆರಡು ಅಣಬೆಯನ್ನು ಕಾಗದದಲ್ಲಿ ಸುತ್ತಿ ತೆಗೆದಿಡಿ. ತಿಂದ ಮೇಲೆ ಯಾರಿಗಾದರೂ ವಾಂತಿ ಭೇದಿಯಾಗಲಿ, ನಾಲ್ಕಾರು ದಿನ ಕಳೆದು ನಡುಕ, ತೊದಲು, ಮಂಕು ಕಾಣಲಿ, ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಹೋಗಿ, ತೆಗೆದಿಟ್ಟದ್ದನ್ನು ತೋರಿಸಿ. ವೈದ್ಯರು ಕೇಳದಿದ್ದರೂ “ಇಂಥ ದಿನ ಅಣಬೆ ತಿಂದಿದ್ದರು” ಎಂದು ನೀವೇ ಹೇಳಿ. ಜಪಾನಿನಲ್ಲಿ ಒಗಟು ಬಿಡಿಸಿದ್ದು ಕೊನೆಗೂ ಅದೊಂದು ಮಾತೇ.

ಇದರ ಜೊತೆಗೆ, ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಕಿಡ್ನಿ ಯಾವ ಸ್ಥಿತಿಯಲ್ಲಿದೆ ಅನ್ನುವುದು ಅಣಬೆ ತಿನ್ನದವರಿಗೂ ಗೊತ್ತಿರಬೇಕು.

ಅಕಿತಾದ ತೋಪುಗಳಲ್ಲಿ ಸುಗಿಹಿರಾತಾಕೆ ಈಗಲೂ ಏಳುತ್ತದೆ. ಪಾಚಿ ಹಿಡಿದ ಬೊಡ್ಡೆಯನ್ನು ಮೊದಲಿನ ಹಾಗೇ ಮಣ್ಣು ಮಾಡುತ್ತದೆ. ಅದರ ಕೆಲಸ ಅದು ಮಾಡುತ್ತಿದೆ. ನಮ್ಮ ಕೆಲಸ ನಮ್ಮ ಅಡುಗೆಮನೆಯಲ್ಲಿದೆ. ಈ ಮಳೆಗಾಲದಲ್ಲಿ ಬುಟ್ಟಿ ತುಂಬ ಅಣಬೆ ಬಂದರೆ, ತೊಳೆಯಲು ಕೂರುವ ಮುಂಚೆ “ಇದು ಯಾವ ಅಣಬೆ?” ಎಂದು ಕೇಳುತ್ತೀರಲ್ಲ, ಅದರ ಜೊತೆಗೇ “ಇವತ್ತು ಊಟಕ್ಕೆ ಯಾರ್‍ಯಾರು?” ಎಂದೂ ಕೇಳಿಕೊಳ್ಳಿ.